ಕಾರಿನಾಕೆ ಕೇಳಿದ್ದೇನು

ಗೊತ್ತಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದನ್ನು ಈಗ ಕರೆಂಟು ಬಿಲ್ಲಿನವರು ಮಾತ್ರ ಬಳಸುತ್ತಿದ್ದರು. ಯಾರು ಏನೇ ಹೇಳಲಿ, ಮಾತು ಅರ್ಧಕ್ಕೆ ಬರುವುದರೊಳಗೆ "ಗೊತ್ತು, ಗೊತ್ತು" ಅನ್ನುವುದು ಅವನ ಹುಟ್ಟುಗುಣವಾದ್ದರಿಂದ ಬೀದಿಗೆಲ್ಲ ಅವನು ಗೊತ್ತಣ್ಣನೇ. ವಿಳಾಸ ಕೇಳಿದವರನ್ನು ಅವನು ಯಾವತ್ತೂ ಸುಮ್ಮನೆ ಕಳಿಸಿದವನಲ್ಲ. ಅವರು ಹೋಗಿ ಮುಟ್ಟಿದ್ದು ಎಲ್ಲಿಗೆ ಎನ್ನುವುದು ಬೇರೆ ವಿಚಾರ.

ಅವನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗೋಡೆಯ ಬೋರ್ಡಿನ ಕೊನೆಯ ಸಾಲು ಕಾಣದಿದ್ದರೂ ಕಂಡವರ ಹಾಗೆ ಊಹಿಸಿ ಓದುವ ಗಿರಾಕಿಗಳನ್ನು ದಿನವೂ ನೋಡುತ್ತಿದ್ದ. "ಪಾಪ, ಕಾಣಲ್ಲ ಅಂತ ಬಾಯಿಬಿಟ್ಟು ಹೇಳೋಕೆ ಇವರಿಗೇನು ಕಷ್ಟ" ಎಂದು ಮರುಗುತ್ತಲೂ ಇದ್ದ. ಮರುಗುವಾಗ ತನ್ನ ನೆನಪು ಮಾತ್ರ ಅವನಿಗೆ ಬರುತ್ತಿರಲಿಲ್ಲ.

ಇಂಥವನು ಒಂದು ಕಾರು ಕೊಂಡ. ಜಪಾನಿನಲ್ಲಿ ಯಾರೋ ಓಡಿಸಿ, ಸಾಕೆನಿಸಿ ಮಾರಿ, ಹಡಗು ಹತ್ತಿ ಬಂದ ಸೆಕೆಂಡ್ ಹ್ಯಾಂಡ್ ಟೊಯೋಟಾ. ಮಾರಿದವನು ಕಾರಿನ ಜೊತೆಗೆ ಕಂಪನಿಯ ಚರಿತ್ರೆಯನ್ನೂ ಪುಕ್ಕಟೆಯಾಗಿ ಕೊಟ್ಟ. ಆ ಮನೆತನದವರು ಮೊದಲು ಮಾಡುತ್ತಿದ್ದುದು ಕಾರಲ್ಲ, ಮಗ್ಗ. ಅಮ್ಮ ಮಗ್ಗದ ಮುಂದೆ ಪಡುವ ಪಾಡು ನೋಡಲಾರದೆ ಬಡಗಿಯ ಮಗನೊಬ್ಬ ಮಗ್ಗ ಸುಧಾರಿಸಲು ಕೂತನಂತೆ. ಅವನ ಮಗ ಕಾರಿಗೆ ಕೈ ಹಾಕಿದನಂತೆ. ಮನೆತನದ ಹೆಸರು ಟೊಯೋಡಾ ಎಂದಿದ್ದುದನ್ನು, ಅವರ ಲಿಪಿಯಲ್ಲಿ ಎಂಟು ಗೀಟಿಗೆ ಮುಗಿದರೆ ಶುಭವೆಂದು ಟೊಯೋಟಾ ಮಾಡಿದರಂತೆ. ಗೊತ್ತಣ್ಣ ಪ್ರತಿ ವಾಕ್ಯಕ್ಕೂ "ಗೊತ್ತು" ಅಂದ. ಮನೆಗೆ ಹೋಗುವ ದಾರಿಯಲ್ಲಿ ಎಲ್ಲವನ್ನೂ ಹೆಂಡತಿಗೆ ಸ್ವಂತ ಸಂಶೋಧನೆಯಂತೆ ಹೇಳಿದ.

ಕಷ್ಟ ಶುರುವಾದದ್ದು ಅದಕ್ಕೂ ಮೊದಲು, ಕೀಲಿ ತಿರುಗಿಸಿದ ಕ್ಷಣದಲ್ಲೇ. ಡ್ಯಾಶ್‌ಬೋರ್ಡಿನ ಒಳಗಿನಿಂದ ಒಬ್ಬ ಹೆಂಗಸು, ಬಹಳ ವಿನಯದ ದನಿಯಲ್ಲಿ, ಜಪಾನಿ ಭಾಷೆಯಲ್ಲಿ ಏನೋ ಒಂದು ಮಾತು ಹೇಳಿ ಸುಮ್ಮನಾದಳು.

"ಏನಂತೆ ರೀ?" ಎಂದಳು ಹೆಂಡತಿ. ಅವಳು ಆಸ್ಪತ್ರೆಯಲ್ಲಿ ನರ್ಸು. ಯಾರಿಗೆ ಏನು ನೋವು ಅಂತ ಮುಖ ನೋಡಿಯೇ ಹೇಳಬಲ್ಲವಳು.

"ಗೊತ್ತು, ಗೊತ್ತು. ಬೆಲ್ಟ್ ಹಾಕ್ಕೊಳ್ಳಿ ಅಂತಾಳೆ."

ಹೆಂಡತಿ ಆಗಲೇ ಬೆಲ್ಟ್ ಹಾಕಿಕೊಂಡಿದ್ದಳು. ಗಂಡನ ಮುಖ ನೋಡಿದಳು.

ಅವರ ಮನೆಯಲ್ಲಿ ಇನ್ನೊಬ್ಬರಿದ್ದರು. ಗೊತ್ತಣ್ಣನ ಅತ್ತೆ. ಮಾವ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದವರು ಮಹಡಿಯ ಕಿಟಕಿಯ ಪಕ್ಕ ಒಂದು ಕುರ್ಚಿ ಹಿಡಿದರು. ಅಷ್ಟೇ, ಆಮೇಲೆ ಕೆಳಗಿಳಿಯಲಿಲ್ಲ. ಮೊದಲು ಬಟ್ಟೆ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವರು ಅವರು. ಆ ಗದ್ದಲದಲ್ಲಿ ಕೂಗಿ ಕೂಗಿ ಮಾತಾಡಿದ ಗಂಟಲು ಈಗ ದಿನಕ್ಕೆ ನಾಲ್ಕು ಮಾತಿಗೂ ತೆರೆಯುತ್ತಿರಲಿಲ್ಲ. ಕೈಚೀಲ ಮಾತ್ರ ಸದಾ ಮಡಿಲಲ್ಲೇ, ಈಗಲೋ ಆಗಲೋ ಬಸ್ಸು ಬರುತ್ತದೆ ಅನ್ನುವವರ ಹಾಗೆ.

ಅತ್ತೆಯನ್ನು ಮಾತಾಡಿಸಬೇಕೆಂದು ಗೊತ್ತಣ್ಣನಿಗೆ ಆಸೆ ಇರಲಿಲ್ಲವೆಂದಲ್ಲ. ಲೋಕದ ಎಲ್ಲ ವಿಷಯ ಗೊತ್ತಿದ್ದ ಅವನಿಗೆ ಗಂಡ ಸತ್ತ ಹೆಂಗಸಿನ ಹತ್ತಿರ ಏನು ಮಾತಾಡಬೇಕು ಅನ್ನುವುದು ಗೊತ್ತಿರಲಿಲ್ಲ. ಅವರೂ "ಅಳಿಯಂದ್ರು" ಎಂದು ಬಹುವಚನದಲ್ಲೇ ದೂರ ಇಟ್ಟಿದ್ದರು. ಇವನು ಕೆಲಸದಿಂದ ಬಂದಾಗ ಅವರು ಕುರ್ಚಿಯಿಂದ ಸ್ವಲ್ಪ ಏಳುವರು, ಇವನು "ಕೂತ್ಕೊಳ್ಳಿ, ಕೂತ್ಕೊಳ್ಳಿ" ಅನ್ನುವನು. ಇಬ್ಬರ ನಡುವಿನ ವ್ಯವಹಾರ ಅಲ್ಲಿಗೆ ಮುಗಿಯುತ್ತಿತ್ತು.

ಒಂದು ಸಂಜೆ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಲೇಬೇಕಾಗಿ ಬಂತು. ಅತ್ತೆ ಮೆಟ್ಟಿಲು ಇಳಿದು, ಮುಂದಿನ ಸೀಟಿನಲ್ಲಿ ಕೈಚೀಲ ತಬ್ಬಿಕೊಂಡು ಕೂತರು. ಗೊತ್ತಣ್ಣ ಕೀಲಿ ತಿರುಗಿಸಿದ. ಕಾರಿನಾಕೆ ತನ್ನ ಮಾತು ಹೇಳಿದಳು.

ಅತ್ತೆ ಬೆಚ್ಚಿ ಸುತ್ತ ನೋಡಿದರು. "ಯಾರು ಆಕೆ? ಏನಂದ್ಲು?"

ಬೆಲ್ಟಿನ ವಿಷಯ ಹೇಳಲು ಹೊರಟ ಗೊತ್ತಣ್ಣನ ಬಾಯಿಂದ ಬಂದದ್ದೇ ಬೇರೆ. "ನಿಮ್ಮನ್ನೇ ಕೇಳಿದ್ಲು ಅತ್ತೆ. ಊಟ ಆಯ್ತಾ ಅಂತ."

ಅತ್ತೆ ಸ್ವಲ್ಪ ಹೊತ್ತು ಡ್ಯಾಶ್‌ಬೋರ್ಡನ್ನೇ ನೋಡಿದರು. "ಆಯ್ತು ಅಂತ ಹೇಳಿ. ಪರದೇಶದಿಂದ ಬಂದಿದಾಳೆ, ಅವಳದಾಯ್ತಾ ಕೇಳಿ."

ಗೊತ್ತಣ್ಣ ಸ್ಟೀರಿಂಗಿನ ಕಡೆ ಬಗ್ಗಿ, ಯಾವ ದೇಶದಲ್ಲೂ ಚಲಾವಣೆಯಲ್ಲಿಲ್ಲದ ಒಂದು ಭಾಷೆಯಲ್ಲಿ ಆ ಸಂದೇಶ ಮುಟ್ಟಿಸಿದ. ಹಿಂದಿನ ಸೀಟಿನಲ್ಲಿದ್ದ ಹೆಂಡತಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಮಾರನೆಯ ಸಂಜೆ ಅವನು ಕೆಲಸದಿಂದ ಬರುವ ಹೊತ್ತಿಗೆ ಅತ್ತೆ ತಲೆ ಬಾಚಿಕೊಂಡು ಬಾಗಿಲಲ್ಲೇ ನಿಂತಿದ್ದರು. "ಒಂದು ಸುತ್ತು ಹೋಗಿ ಬರೋಣವಾ? ಆಕೆ ಕಾಯ್ತಿರ್ತಾಳೆ" ಅಂದರು.

ಅಲ್ಲಿಂದ ಮುಂದೆ ಗೊತ್ತಣ್ಣನಿಗೆ ಪ್ರತಿ ಸಂಜೆ ಹೊಸ ಮಾತು ಹುಟ್ಟಿಸುವ ಕೆಲಸ ಬಿತ್ತು. ಕಾರಿನಾಕೆ ಒಂದು ದಿನ ಅತ್ತೆಗೆ ನಿದ್ದೆ ಬಂತಾ ಅಂತ ಕೇಳಿದಳು. ಒಂದು ದಿನ ಮಂಡಿನೋವು ಹೇಗಿದೆ ಅಂದಳು. ಮಿಲ್ಲಿನಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದ ದಿನ ಅತ್ತೆ ಸೇತುವೆ ದಾಟಿ, ಮಾರುಕಟ್ಟೆ ಸುತ್ತಿ, ಮನೆ ತಲುಪುವವರೆಗೂ ಹೇಳಿದರು. ಅವರು ನೋಡಿಕೊಳ್ಳುತ್ತಿದ್ದ ಮಗ್ಗಗಳ ಮೈಮೇಲೂ ಇದೇ ಟೊಯೋಟಾ ಹೆಸರು ಇತ್ತಂತೆ. "ನಾವೆಲ್ಲ ಆ ಮಗ್ಗದ ಜೊತೆ ಸಂಸಾರ ಮಾಡ್ದೋರು" ಎಂದು ನಕ್ಕರು. ಅತ್ತೆ ನಗುವಾಗ ಒಂದು ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಅನ್ನುವುದು ಗೊತ್ತಣ್ಣನಿಗೆ ಅಂದು ಗೊತ್ತಾಯಿತು. ಅವನಿಗೆ ನಿಜವಾಗಿ ಗೊತ್ತಾದ ಕೆಲವೇ ಸಂಗತಿಗಳಲ್ಲಿ ಅದೊಂದು.

ಒಮ್ಮೆ ಮಾತ್ರ ಅವರು ಹುಬ್ಬು ಗಂಟಿಕ್ಕಿದರು. "ನಿನ್ನೆನೂ ಆಕೆ ಇದನ್ನೇ ಅಂದ ಹಾಗಿತ್ತಲ್ಲ?"

"ಜಪಾನಿ ಭಾಷೆನೇ ಹಾಗೆ ಅತ್ತೆ. ಪದ ಅವೇ, ಭಾವ ಬೇರೆ."

ಮನೆಯಲ್ಲಿ ಹೆಂಡತಿ ಅವನನ್ನು ಅಡುಗೆಮನೆಗೆ ಕರೆದಳು. "ರೀ, ನಿಮಗೆ ಜಪಾನಿ ಬರಲ್ಲ ಅಂತ ನನಗೆ ಗೊತ್ತು. ಆದ್ರೆ ಅಮ್ಮ ಇವತ್ತು ಕೇಳಿ ಎರಡನೇ ಸಲ ಬಡಿಸ್ಕೊಂಡ್ರು. ಅದಕ್ಕೇ ಸುಮ್ನಿದೀನಿ. ಮುಂದೆ ಯಾವತ್ತಾದ್ರೂ ಇದು ಬಯಲಾಗಿ, ಎಲ್ಲ ಸೇರಿ ನನ್ನ ಬೆಪ್ಪು ಮಾಡಿದ್ರು ಅಂತ ಅಮ್ಮ ತಿರುಗಿ ಆ ಕುರ್ಚಿ ಹಿಡಿದ್ರೆ, ನಾನು ಸುಮ್ನಿರಲ್ಲ."

ಗೊತ್ತಣ್ಣ "ಗೊತ್ತು" ಅಂದ. ಅಂದವನೇ ಅಡುಗೆಮನೆಯಿಂದ ಜಾರಿಕೊಂಡ.

ಇಷ್ಟಕ್ಕೇ ನಿಂತಿದ್ದರೆ ಕಥೆ ಇರುತ್ತಿರಲಿಲ್ಲ. ಎದುರು ಮನೆಯ ನಿವೃತ್ತ ಆಡಿಟರು ಒಂದು ದಿನ, ತಮ್ಮ ಕಾರು ರಿಪೇರಿಯಲ್ಲಿದ್ದು ಬಸ್ಸೂ ತಪ್ಪಿ, ಗೊತ್ತಣ್ಣನ ಕಾರು ಹತ್ತಿದರು. ಹಿಂದಿನ ಸೀಟಿನಿಂದ ಅತ್ತೆ, ಕಾರಿನಾಕೆ, ಅಳಿಯ ಮೂವರ ಸಂಭಾಷಣೆಯನ್ನು ಕನ್ನಡಕ ಏರಿಸಿ ಇಳಿಸಿ ಕೇಳಿದರು. ಇಳಿಯುವಾಗ "ಅಲ್ಲ, ನಿಮಗೆ ಜಪಾನಿ ಬೇರೆ ಬರುತ್ತಾ?" ಅಂದರು. ಗೊತ್ತಣ್ಣ ಉತ್ತರಿಸುವ ಮೊದಲೇ ಅತ್ತೆ "ನೀರು ಕುಡಿದಷ್ಟು ಸಲೀಸು" ಎಂದು ಹೆಮ್ಮೆಯಿಂದ ಹೇಳಿಬಿಟ್ಟರು. ಅತ್ತೆ ಅಳಿಯನನ್ನು ಹೊಗಳಿದ್ದು ಅದೇ ಮೊದಲು. ಅದನ್ನು ಅಲ್ಲಗಳೆಯುವ ಎದೆಗಾರಿಕೆ ಯಾವ ಅಳಿಯನಿಗೆ ಇದ್ದೀತು?

ಸುದ್ದಿ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ ಬಂತು. ಹಡಗಿನಲ್ಲಿ ಬಂದ ಹಳೇ ಜಪಾನಿ ಸಾಮಾನು ಆ ಬೀದಿಯ ಅನೇಕ ಮನೆಗಳಲ್ಲಿ ಇತ್ತು. ಎಲ್ಲದರ ಮೇಲೂ ಯಾರೂ ಓದಲಾರದ ಗುಂಡಿಗಳು. ಕೆಳಗಿನ ಮನೆಯ ಟೀಚರಮ್ಮ ತಮ್ಮ ಬಟ್ಟೆ ಒಗೆಯುವ ಮಿಷನ್ನಿನ ಮುಂದೆ ಅವನನ್ನು ನಿಲ್ಲಿಸಿದರು. ಅವನು ಸ್ವಲ್ಪ ಹೊತ್ತು ಧ್ಯಾನಿಸಿ ಒಂದು ಗುಂಡಿ ತೋರಿಸಿದ. ಯಜಮಾನರ ಉಣ್ಣೆಯ ಸ್ವೆಟರು ಹೊರಗೆ ಬರುವಾಗ ಮೊಮ್ಮಗುವಿಗೆ ಸರಿಹೋಗುವಷ್ಟಾಗಿತ್ತು.

"ಜಪಾನಿನಲ್ಲಿ ಜನ ಸ್ವಲ್ಪ ಸಣ್ಣ" ಎಂದ ಗೊತ್ತಣ್ಣ ಗಂಭೀರವಾಗಿ. ಟೀಚರಮ್ಮ ಅದನ್ನು ನಂಬಿದರು. ಯಜಮಾನರು ನಂಬಲಿಲ್ಲ, ಆದರೆ ಅವರಿಗೆ ಹಾಕಿಕೊಳ್ಳಲು ಬೇರೆ ಸ್ವೆಟರು ಇರಲಿಲ್ಲ.

ಆಡಿಟರು ಆ ಬೀದಿಯ ಕಾರು ಮಾಲೀಕರ ಸಂಘದ ಅಧ್ಯಕ್ಷರೂ ಆಗಿದ್ದರು. ಕಾರು ನಿಲ್ಲಿಸುವ ಜಾಗಕ್ಕಾಗಿ ಪರಸ್ಪರ ಜಗಳವಾಡುವುದು ಆ ಸಂಘದ ಮುಖ್ಯ ಉದ್ದೇಶ. ಈ ಸಲ ಒಂದು ಬದಲಾವಣೆ ಇರಲಿ ಎಂದು ಅವರು ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಒಂದು ಸಭೆ ಗೊತ್ತು ಮಾಡಿದರು. ಬೀದಿಯ ಮುಕ್ಕಾಲು ಪಾಲು ಕಾರುಗಳು ಟೊಯೋಟಾ ಆದ್ದರಿಂದ ಗೊತ್ತಣ್ಣ ಆ ಕಂಪನಿಯ ಚರಿತ್ರೆ ಹೇಳಬೇಕು. ಮುಖ್ಯ ಅತಿಥಿ ಆಡಿಟರ ತಂಗಿಯ ಮಗಳು. ಆಕೆ ಜಪಾನಿನಲ್ಲಿ ಓದಿ, ಅಲ್ಲಿಯೇ ದುಭಾಷಿಯಾಗಿ ಕೆಲಸ ಮಾಡಿ, ರಜೆಗೆ ಬಂದಿದ್ದಳು.

"ನಿಮ್ಮಿಬ್ಬರ ಮಾತು ಕೇಳೋಕೆ ಚೆನ್ನಾಗಿರುತ್ತೆ" ಎಂದು ನಕ್ಕರು ಆಡಿಟರು. ಇಡೀ ಆಯುಷ್ಯ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕಿದ ಮನುಷ್ಯ ಯಾಕೆ ನಗುತ್ತಿದ್ದಾನೆಂದು ಯಾರಿಗಾದರೂ ತಿಳಿಯುವಂತಿತ್ತು. ಗೊತ್ತಣ್ಣನಿಗೂ ತಿಳಿಯಿತು.

ಅತ್ತೆಗಂತೂ ಸಂಭ್ರಮವೋ ಸಂಭ್ರಮ. "ಆಕೆಗೂ ತನ್ನ ಭಾಷೆ ಬರೋರು ಒಬ್ರು ಸಿಕ್ಕಿದ್ರು. ಮನಸ್ಸು ಬಿಚ್ಚಿ ಮಾತಾಡ್ಲಿ, ಪಾಪ" ಎಂದು ಪೆಟ್ಟಿಗೆಯ ತಳದಿಂದ ಒಳ್ಳೆಯ ಬಟ್ಟೆ ತೆಗೆದು ಇಸ್ತ್ರಿಗೆ ಕೊಟ್ಟರು.

ಗೊತ್ತಣ್ಣ ಮೆಕ್ಯಾನಿಕ್ಕಿನ ಬಳಿ ಓಡಿದ. "ಈಕೆ ಬಾಯಿ ಮುಚ್ಚಿಸೋಕೆ ಆಗುತ್ತಾ?"

ಮೆಕ್ಯಾನಿಕ್ಕು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಹೊರಬಂದ. "ವೈರು ಕಿತ್ರೆ ಈಕೆ ಜೊತೆ ಇನ್ನೇನೇನು ಹೋಗುತ್ತೋ ನಾ ಹೇಳೋಕಾಗಲ್ಲ. ಗಾಡಿ ಗುಂಡುಕಲ್ಲು ಇದ್ದ ಹಾಗಿದೆ. ಆಕೆ ಏನೋ ಅಂತಾಳೆ, ಅನ್ಲಿ ಬಿಡಿ. ಎಂಜಿನ್ ಏನೂ ಅಂತಿಲ್ವಲ್ಲ." ಆಮೇಲೆ ದನಿ ತಗ್ಗಿಸಿದ. "ಅಷ್ಟಕ್ಕೂ ನಿಮಗೆ ಆ ಭಾಷೆ ಬರುತ್ತಂತಲ್ಲ. ನೀವೇ ಒಂದು ಮಾತು ಹೇಳಿ ನೋಡಿ."

ಬೇರೆ ದಾರಿ ಕಾಣದೆ ಗೊತ್ತಣ್ಣ ತಾನೇ ಕೂತು ಸಿಕ್ಕ ಸಿಕ್ಕ ಗುಂಡಿ ಒತ್ತಿದ. ಒಂದು ಗುಂಡಿ ಒತ್ತಿದಾಗ ಪರದೆಯ ಮೇಲೆ ಗೆರೆಗಳು ಸಾಲಾಗಿ ಬೆಳಗಿದವು. ಇದೇ ಸರಿಯಾದದ್ದು ಎಂದು ಪೂರ್ತಿ ಒತ್ತಿ ಹಿಡಿದ. ಕೀಲಿ ತಿರುಗಿಸಿ ನೋಡಿದರೆ ಕಾರಿನಾಕೆಯ ದನಿ ಪಕ್ಕದ ಬೀದಿಗೂ ಕೇಳುವಷ್ಟು ಜೋರಾಗಿತ್ತು. ಎಷ್ಟು ಒದ್ದಾಡಿದರೂ ಅದು ತಿರುಗಿ ಇಳಿಯಲಿಲ್ಲ.

ಭಾನುವಾರ ಬಂತು. ಮೈದಾನದಲ್ಲಿ ಕಾರುಗಳು ತೊಳೆಸಿಕೊಂಡು ಸಾಲಾಗಿ ನಿಂತಿದ್ದವು. ಮಾಲೀಕರೆಲ್ಲ ತಮ್ಮ ತಮ್ಮ ಕಾರಿನ ಗುಣಗಾನ ಮಾಡಿದರು. ಒಬ್ಬರು ಮಗಳ ಮದುವೆಯನ್ನೂ ಮೊಮ್ಮಗಳ ಮದುವೆಯನ್ನೂ ಒಂದೇ ಕಾರಿನಲ್ಲಿ ಮುಗಿಸಿದ್ದರು. ಇನ್ನೊಬ್ಬರ ಕಾರಿನ ಬಾಗಿಲು ಮಾತ್ರ ಹಗ್ಗ ಕಟ್ಟಿದರೆ ನಿಲ್ಲುತ್ತಿತ್ತು, ಉಳಿದದ್ದೆಲ್ಲ ಹೊಚ್ಚ ಹೊಸದರಂತೆ ಇದೆ ಎಂದು ಅವರು ಆಣೆ ಮಾಡಿದರು. ಗೊತ್ತಣ್ಣ ಎದ್ದು ನಿಂತು ಬಡಗಿಯ ಮಗನ ಕಥೆ ಹೇಳಿದ. ಮಗ್ಗದ ವಿಷಯಕ್ಕೆ ಬಂದಾಗ ಅವನಿಗೆ ಮಾತು ತಡವರಿಸಿತು, ಯಾಕೆಂದರೆ ಮಾರಿದವನು ಅಷ್ಟೇ ಹೇಳಿದ್ದ.

ಮುಂದಿನ ಸಾಲಿನಲ್ಲಿದ್ದ ಅತ್ತೆ ಎದ್ದು ನಿಂತರು. "ಆ ಮಗ್ಗದ್ದು ಒಂದು ಗುಣ ಇತ್ತು" ಎಂದರು, ಮಿಲ್ಲಿನ ಆ ಹಳೆಯ ದೊಡ್ಡ ದನಿಯಲ್ಲಿ. "ನೂಲಿನ ಒಂದು ಎಳೆ ಕಡಿದ್ರೆ ಸಾಕು, ತಾನಾಗೇ ನಿಂತುಬಿಡ್ತಿತ್ತು. ನಮ್ಮ ಮೇಸ್ತ್ರಿ ಬೈಯೋನು, ಯಾಕೆ ನಿಲ್ಸಿದ್ರಿ ಅಂತ. ನಾವು ನಿಲ್ಸಿಲ್ಲಪ್ಪ, ಎಲ್ಲೋ ಏನೋ ಕಡಿದಿದೆ, ಅದನ್ನ ಹುಡುಕಿ ಕಟ್ಟು ಅಂತ ಅದೇ ಹೇಳ್ತಾ ಇದೆ ಅಂತಿದ್ವಿ. ಕಟ್ಟಿದ ಮೇಲೆ ಮತ್ತೆ ಓಡೋದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಡತಿ ಕಣ್ಣು ಒರೆಸಿಕೊಂಡಳು. ಗೊತ್ತಣ್ಣನೂ ಹಿಗ್ಗಿದ, ಆದರೆ ಅಷ್ಟರಲ್ಲಿ ಆಡಿಟರು ಎದ್ದರು. "ಈಗ ಆ ಮಾತಾಡುವ ಕಾರು. ಶುರು ಮಾಡಿ."

ಗೊತ್ತಣ್ಣ ಕೀಲಿ ತಿರುಗಿಸಿದ. ಕಾರಿನಾಕೆ ಮೈದಾನದ ಮೂಲೆ ಮೂಲೆಗೂ ಕೇಳುವಂತೆ ಹೇಳಿದಳು. ಆಡಿಟರ ಸೋದರ ಸೊಸೆಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಕೈಚೀಲ ಹಿಡಿದು ಕಾತರದಿಂದ ನೋಡುತ್ತಿದ್ದ ಮುದುಕಿಯನ್ನು ಕಂಡಳು, ಬೆವರುತ್ತಿದ್ದ ಗೊತ್ತಣ್ಣನನ್ನು ಕಂಡಳು. ನಗು ನಿಂತಿತು.

"ಏನಂದ್ಲಮ್ಮ?" ಎಂದರು ಅತ್ತೆ.

ಹುಡುಗಿ ಗೊತ್ತಣ್ಣನ ಕಡೆ ತಿರುಗಿದಳು. "ಅಂಕಲ್, ನೀವೇ ಹೇಳಿ. ನಿಮಗೆ ಗೊತ್ತಲ್ಲ."

ಅವಳು ದಾರಿ ಬಿಟ್ಟುಕೊಟ್ಟಿದ್ದಳು. ಅವನು ಏನೇ ಹೇಳಿದರೂ ಹೌದು ಅನ್ನುವಳೆಂದು ಮುಖವೇ ಹೇಳುತ್ತಿತ್ತು. ಗೊತ್ತಣ್ಣ ಬಾಯಿ ತೆರೆದ. ಅತ್ತೆ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಒಂದೇ ಒಂದು ಮಾತಿಗಾಗಿ, ಅವನನ್ನೇ ನಂಬಿ ನೋಡುತ್ತಿದ್ದರು. ಆ ನೋಟದ ಎದುರು ಇನ್ನೊಂದು ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ.

"ಗೊತ್ತಿಲ್ಲ" ಎಂದ ಗೊತ್ತಣ್ಣ.

ಮೈದಾನದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಆ ಪದ ಆ ಬಾಯಿಂದ ಹೊರಟಿದ್ದನ್ನು ಕೇಳಿದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಟೀಚರಮ್ಮನ ಯಜಮಾನರು ಮಾತ್ರ, ಬಿಗಿಯಾದ ಸ್ವೆಟರಿನೊಳಗಿನಿಂದ, ನಿಟ್ಟುಸಿರು ಬಿಟ್ಟರು.

"ಮೊದಲಿಂದಲೂ ಗೊತ್ತಿರಲಿಲ್ಲ ಅತ್ತೆ. ಜಪಾನಿಯ ಒಂದಕ್ಷರ ನನಗೆ ಬರಲ್ಲ."

ಹೆಂಡತಿ ಅಮ್ಮನ ತೋಳು ಹಿಡಿದುಕೊಂಡಳು. ಅತ್ತೆಯ ಮುಖದಲ್ಲಿ ಏನೂ ಕಾಣಲಿಲ್ಲ. ಅವರು ಕೇಳಿದರು. "ಹಾಗಾದ್ರೆ ಊಟ ಆಯ್ತಾ ಅಂತ ಕೇಳಿದ್ದು ಯಾರು?"

"ನಾನೇ."

"ಮಂಡಿನೋವು?"

"ಅದೂ ನಾನೇ ಅತ್ತೆ."

"ಮಿಲ್ಲಿನ ಸುದ್ದಿ ಕೇಳಿದ್ದು?"

ಅವನು ಹೌದೆಂದು ತಲೆಯಾಡಿಸಿದ.

"ಅದನ್ನ ನೀವೇ ಕೇಳಬಹುದಿತ್ತಲ್ಲ" ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. ಇಷ್ಟು ಸುಲಭದ್ದು ಇವನಿಗೆ ಯಾಕೆ ಹೊಳೆಯಲಿಲ್ಲ ಅನ್ನುವ ಆಶ್ಚರ್ಯವಿತ್ತು. ಆಮೇಲೆ ಹುಡುಗಿಯ ಕಡೆ ತಿರುಗಿದರು. "ನೀನು ಹೇಳಮ್ಮ. ನಿಜವಾಗ್ಲೂ ಆಕೆ ಏನಂತಾಳೆ?"

"ಅಜ್ಜಿ, ಅಲ್ಲಿ ರಸ್ತೆ ಸುಂಕ ಕಟ್ಟೋಕೆ ಕಾರಿನಲ್ಲೇ ಒಂದು ಕಾರ್ಡು ಹಾಕಿರ್ತಾರೆ. ಆ ಕಾರ್ಡು ಹಾಕಿಲ್ಲ ಅಂತ ಹೇಳ್ತಾಳೆ. ಅಷ್ಟೇ. ಗಾಡಿ ಶುರು ಮಾಡಿದಾಗೆಲ್ಲ ಅದನ್ನೇ ಹೇಳ್ತಾಳೆ." ಹುಡುಗಿ ಬಗ್ಗಿ ಸ್ಟೀರಿಂಗಿನ ಕೆಳಗಿದ್ದ ಒಂದು ಪುಟ್ಟ ಡಬ್ಬಿ ತೋರಿಸಿದಳು. ಅದು ಸೆಂಟಿನ ಡಬ್ಬಿ ಎಂದು ಗೊತ್ತಣ್ಣ ಮನೆಯವರಿಗೆಲ್ಲ ಹೇಳಿದ್ದ.

ಆಡಿಟರಿಗೆ ಗೆಲುವಿನ ನಗು ಬಂತು. ಆದರೆ ಸುತ್ತ ಯಾರೂ ನಗದಿದ್ದುದರಿಂದ ಅದನ್ನು ಅರ್ಧಕ್ಕೇ ಮಡಚಿಟ್ಟುಕೊಂಡರು.

ಅತ್ತೆ ಡ್ಯಾಶ್‌ಬೋರ್ಡನ್ನು ನೋಡಿದರು. "ನೋಡಿದ್ರಾ, ಆ ಕಂಪನಿಯೋರದ್ದು ಸುಮ್ಸುಮ್ನೆ ಮಾತಾಡಲ್ಲ. ಅಷ್ಟು ದೂರದಿಂದ ಬಂದೋಳು ಒಂದೇ ಒಂದು ಕೇಳಿದ್ಲು. ದಿನಾ ಕೇಳಿದ್ಲು. ನಾವು ಕೊಡ್ಲೇ ಇಲ್ಲ."

ಅವರು ಕೈಚೀಲ ತೆರೆದು ಕರವಸ್ತ್ರದ ಗಂಟೊಂದನ್ನು ಬಿಚ್ಚಿದರು. ಒಳಗೆ ಮಾವನ ಬಸ್ ಪಾಸಿತ್ತು, ಮೂಲೆ ಸವೆದ ಪ್ಲಾಸ್ಟಿಕ್ ಕಾರ್ಡು, ಮೇಲೆ ಮೀಸೆಯ ಫೋಟೋ. ಮಾವ ಸಾಯುವವರೆಗೂ ಬಸ್ಸಿನಲ್ಲೇ ಓಡಾಡಿದವರು. ಆಸ್ಪತ್ರೆಗೂ ಬಸ್ಸಿನಲ್ಲೇ ಹೋದವರು. ಅವರ ಪಕ್ಕದ ಸೀಟು ಯಾವಾಗಲೂ ಅತ್ತೆಯದು.

"ಅಮ್ಮಾ, ಅದು ಬಸ್ಸಿಂದು" ಎಂದಳು ಮಗಳು ಮೆಲ್ಲಗೆ.

"ಗೊತ್ತು" ಎಂದರು ಅತ್ತೆ.

ಅಳಿಯನ ಕೈಗೆ ಕಾರ್ಡು ಕೊಟ್ಟರು. ಗೊತ್ತಣ್ಣ ಬಗ್ಗಿ, ಗಿರಾಕಿಯ ಮೂಗಿನ ಮೇಲೆ ಹೊಸ ಕನ್ನಡಕ ಕೂರಿಸುವಷ್ಟೇ ನಾಜೂಕಾಗಿ ಅದನ್ನು ಡಬ್ಬಿಯೊಳಗೆ ತಳ್ಳಿದ. ಅದು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅತ್ತೆ ಮುಂದಿನ ಸೀಟಿಗೆ ಬಂದು ಕೂತರು. ಅವನು ಕಾರು ಆರಿಸಿ ಮತ್ತೆ ಕೀಲಿ ತಿರುಗಿಸಿದ.

ಇಡೀ ಮೈದಾನ ಕಿವಿಗೊಟ್ಟು ನಿಂತಿತ್ತು. ಕಾರಿನಾಕೆ ಒಂದು ಕ್ಷಣ ತಡೆದಳು. ಆಮೇಲೆ ಮಾತಾಡಿದಳು. ಆ ಮಾತು ಬೇರೆಯಾಗಿತ್ತು. ಕಾರು ಬಂದಾಗಿನಿಂದ ಆ ಬಾಯಿಂದ ಬಂದ ಮೊಟ್ಟಮೊದಲ ಹೊಸ ಮಾತು.

ಅತ್ತೆ ಹುಡುಗಿಯ ಕಡೆ ನೋಡಲಿಲ್ಲ, ಅಳಿಯನ ಕಡೆ ನೋಡಿದರು. ಗೊತ್ತಣ್ಣ "ಗೊತ್ತಿಲ್ಲ ಅತ್ತೆ" ಅಂದ. ಎರಡನೇ ಸಲಕ್ಕೆ ಅದು ಅಷ್ಟು ಕಷ್ಟವಾಗಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ "ಏನಂದ್ಲಮ್ಮ?" ಎಂದು ಕೇಳಿದ.

ಹುಡುಗಿ ತಡವರಿಸಿದಳು. "ಈ ಕಾರ್ಡಿನ ಗುರುತು ಸಿಗ್ತಿಲ್ಲ ಅಂತಾಳೆ."

ಅತ್ತೆ ಆ ಪುಟ್ಟ ಡಬ್ಬಿಯ ಮೇಲೆ ಕೈಯಿಟ್ಟು, ಕೆನ್ನೆಯ ಗುಳಿ ಕಾಣುವಂತೆ ನಕ್ಕರು.

"ಹೇಗೆ ಸಿಗುತ್ತೆ? ಅವರು ಒಂದು ದಿನಾನಾದ್ರೂ ಕಾರಲ್ಲಿ ಕೂತಿದ್ರೆ ತಾನೆ?" ಎಂದರು. ಬೆಲ್ಟು ಎಳೆದು ಹಾಕಿಕೊಂಡರು. "ಓಡಾಡ್ತಾ ಓಡಾಡ್ತಾ ಗುರುತಾಗುತ್ತೆ. ನಡಿ ಮಗಾ, ಸೇತುವೆ ಕಡೆಯಿಂದ ಹೋಗೋಣ. ಊಟ ಆಯ್ತಾ ನಿಂದು?"